ತುಂಬುವವರೆಗೆ ಕಾಯದ ಬಸ್ಸು

೧೯೪೮ರ ಕೊನೆಯಲ್ಲಿ ನಾನು ದೊಡ್ಡಬಳ್ಳಾಪುರ–ಬೆಂಗಳೂರು ಮಾರ್ಗದ ಸರ್ಕಾರಿ ಬಸ್ಸಿಗೆ ಕಂಡಕ್ಟರ್ ಆದೆ. ಅದಕ್ಕೆ ಮುಂಚೆ ಅದೇ ರಸ್ತೆಯಲ್ಲಿ ಖಾಸಗಿ ಯಜಮಾನರೊಬ್ಬರ ಬಸ್ಸಿನಲ್ಲಿದ್ದೆ. ಸೀಟು ತುಂಬದೆ ಆ ಬಸ್ಸು ಹೊರಡುತ್ತಿರಲಿಲ್ಲ. ಜನ ಸೀಟಿನ ಮೇಲೆ ಟವೆಲ್ ಹಾಕಿ ಮನೆಗೆ ಹೋಗಿ, ಊಟ ಮುಗಿಸಿ ಬರುತ್ತಿದ್ದರು. ಸರ್ಕಾರ ಬಸ್ಸು ನಡೆಸತೊಡಗಿದ ಮೇಲೆ ಆರೇ ಜನರಿದ್ದರೂ ಗಂಟೆಗೆ ಸರಿಯಾಗಿ ಹೊರಡಬೇಕಿತ್ತು.

ಒಂದು ಬೆಳಿಗ್ಗೆ ನೇಕಾರ ಗೋವಿಂದಪ್ಪ ದೊಡ್ಡಬಳ್ಳಾಪುರದ ಸ್ಟ್ಯಾಂಡಿಗೆ ಓಡಿಬಂದು ಹಿಂದಿನ ಸೀಟಿಗೆ ಟವೆಲ್ ಹಾಕಿದ.

"ಅಣ್ಣಾ, ನಿನ್ನೆಯಿಂದ ನನ್ನೆಂಡ್ತಿಗೆ ಹೆರಿಗೆ ನೋವು. ಸೂಲಗಿತ್ತಿ ಕೈಲಾಗಲ್ಲ ಅಂದ್ಬಿಟ್ಳು. ಗಾಡೀಲಿ ಕರ್ಕೊಂಡು ಬರ್ತೀನಿ. ಬಸ್ ತುಂಬೋ ಹೊತ್ಗೆ ಬಂದ್ಬಿಡ್ತೀನಿ."

ಹಳೆಯ ಅಭ್ಯಾಸದಲ್ಲಿ ತಲೆಯಾಡಿಸಿದೆ. ಈ ಬಸ್ಸು ತುಂಬುವವರೆಗೆ ಕಾಯುವುದಿಲ್ಲ ಎಂದು ನೆನಪಾದದ್ದು ಅವನು ಹೋದ ಮೇಲೆ. ಮುಂದಿನ ಬಸ್ಸು ಇದ್ದದ್ದು ಮಧ್ಯಾಹ್ನಕ್ಕೆ.

ಹೊರಡುವ ಹೊತ್ತಾಯಿತು. ಐದು ನಿಮಿಷ ತಡೆಯಿರಿ ಎಂದು ಟೈಮ್‌ಕೀಪರನ್ನು ಕೇಳಿದೆ.

"ನಿಮ್ಮ ಯಜಮಾನ್ರ ಕಾಲ ಮುಗೀತು ಕಣಯ್ಯ. ಹೊರಡು."

ಹೊರಟೆವು. ಬಾಶೆಟ್ಟಿಹಳ್ಳಿ ಹತ್ತಿರ ಬರುವಾಗ ತಡೆಯಲಾಗದೆ ಡ್ರೈವರ್ ಮುನಿಯಪ್ಪನಿಗೆ ವಿಷಯ ಹೇಳಿದೆ.

"ಇದು ಕಾಯಲ್ಲ ಅಂತ ಅವನಿಗೆ ಹೇಳಿದ್ಯಾ?"

"ಇಲ್ಲ."

ಅವನು ಅಲ್ಲೇ ಬಸ್ಸನ್ನು ಹಿಂದಕ್ಕೆ ತಿರುಗಿಸಿದ. ಕೋರ್ಟಿಗೆ ಹೊರಟಿದ್ದ ಒಬ್ಬರು ರೇಗಿದರು: "ಇದೇನು ಸರ್ಕಾರದ ಬಸ್ಸೋ, ನಿಮ್ಮ ಮಾವನ ಗಾಡೀನೋ?"

"ಮಾವನ ಗಾಡಿಯಾಗಿದ್ರೆ ಇನ್ನೂ ಹೊರಡ್ತಾನೇ ಇರ್ಲಿಲ್ಲ, ಸ್ವಾಮಿ," ಎಂದ ಮುನಿಯಪ್ಪ.

ಸ್ಟ್ಯಾಂಡಿನಲ್ಲಿ ಗೋವಿಂದಪ್ಪನ ಎತ್ತಿನ ಗಾಡಿ ನಿಂತಿತ್ತು. ಅವನ ಹೆಂಡತಿಯನ್ನು ಎತ್ತಿ ಸೀಟಿನ ಮೇಲೆ ಮಲಗಿಸಿದೆವು. ಮುನಿಯಪ್ಪ ಬಸ್ಸನ್ನು ನೇರ ಬೆಂಗಳೂರಿನ ಆಸ್ಪತ್ರೆಯ ಬಾಗಿಲಿಗೇ ಒಯ್ದ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಸ್ವಲ್ಪ ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೇಲಿನವರು ವಿವರಣೆ ಕೇಳಿದರು. ತಾನೇ ತನ್ನ ಇಷ್ಟದಂತೆ ಬಸ್ಸು ತಿರುಗಿಸಿದ್ದಾಗಿ ಮುನಿಯಪ್ಪ ಬರೆದುಕೊಟ್ಟ. ನನ್ನ ಹೆಸರು ಎತ್ತಲಿಲ್ಲ. ಹದಿನೈದು ದಿನ ಸಸ್ಪೆಂಡ್ ಆದ. ಹೋದ ತಿಂಗಳು ಅವನು ತೀರಿಕೊಂಡ. ತಪ್ಪು ನನ್ನದೆಂದು ಅವನ ಮಕ್ಕಳಿಗೆ ಹೇಳಬೇಕೆಂದೇ ಹೋಗಿದ್ದೆ. ಹೆಣದ ಮುಂದೆ ಬಾಯಿ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸರ್ಕಾರ ಬಸ್ಸು, ರೈಲು ನಡೆಸಬೇಕೇ ಎಂದು ಈಗಲೂ ಜನ ವಾದ ಮಾಡುತ್ತಾರೆ. ನಡೆಸಬೇಕು ಎನ್ನುವವನು ನಾನು. ಯಜಮಾನರ ಬಸ್ಸು ಹತ್ತಿ ಕೂತಿದ್ದರೂ, ಉಳಿದ ಸೀಟು ತುಂಬುವವರೆಗೆ ಆಕೆ ನರಳುತ್ತ ಕಾಯಬೇಕಿತ್ತು. ಆದರೆ ನಿಯಮ ಬದಲಾಗಿದೆ ಎಂದು ಜನಕ್ಕೆ ಬಾಯಿಬಿಟ್ಟು ಹೇಳಬೇಕಾದವನು ಬಾಗಿಲಲ್ಲಿ ನಿಂತ ಕಂಡಕ್ಟರ್. ಆಮೇಲೆ ನಿವೃತ್ತಿಯ ದಿನದವರೆಗೂ, ಯಾರಾದರೂ ಟವೆಲ್ ಹಾಕಿ ಇಳಿದರೆ ಅವರ ಹಿಂದೆಯೇ ಇಳಿದು ಹೋಗಿ ಹೇಳುತ್ತಿದ್ದೆ: "ಈ ಬಸ್ಸು ಕಾಯಲ್ಲ, ಬೇಗ ಬನ್ನಿ."