ಪತ್ರಿಕೆಯಲ್ಲಿ ತೀರಿಕೊಂಡ ನಮ್ಮಜ್ಜಿ

ಇಂದು ಬೆಳಿಗ್ಗೆ ಪತ್ರಿಕೆಯ ಮಸಿ ವಾಸನೆಗೆ ಕೌಜಲಗಿಯ ನಮ್ಮ ಮನೆಕಟ್ಟೆ ಕಣ್ಣಮುಂದೆ ಬಂತು.

ನಾನಾಗ ಚಿಕ್ಕ ಹುಡುಗಿ. ಗೋಕಾಕದ ವಾರಪತ್ರಿಕೆ ಬೇರೆ ಊರಿನ ಗಂಗವ್ವನ ಬದಲು ನಮ್ಮಜ್ಜಿ ಗಂಗವ್ವ ತೀರಿಕೊಂಡಳೆಂದು ಅಚ್ಚು ಹಾಕಿತ್ತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಕುಲಗೋಡ, ಹುಕ್ಕೇರಿಗಳಿಂದ ಜನ ರೊಟ್ಟಿಬುತ್ತಿ ಹೊತ್ತು ಬಂದೇ ಬಂದರು. ಅಜ್ಜಿ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದಳು!

"ಯವ್ವಾ, ಜೀವಂತ ಅದೀ ಏನ?" ಎಂದು ಒಬ್ಬಾಕೆ ಅವಳ ಕೆನ್ನೆ ಮುಟ್ಟಿ ಮುಟ್ಟಿ ಅತ್ತಳು.

"ಜೀವಂತ ಅದೀನವಾ. ಬುತ್ತಿ ಬಿಚ್ರಿ, ಎಲ್ಲಾರೂ ಕೂಡಿ ಉಣ್ಣೂಣು," ಎಂದಳು ಅಜ್ಜಿ.

ಒಂದು ಸಾಲು ಅಕ್ಷರ ಇಷ್ಟು ಜನರನ್ನು ಎಳೆದು ತಂದಿತೇ ಎಂದು ನಾನು ಬಾಯಿ ತೆರೆದು ನಿಂತಿದ್ದೆ.

ಇವತ್ತಿನ ಪತ್ರಿಕೆಯ ನಿಧನದ ಪುಟದಲ್ಲಿ ಎಲ್ಲೋ ನೋಡಿದಂತಿದ್ದ ಮುಖವೊಂದಿತ್ತು. ವಿಳಾಸ ಓದಿದೆ, ನಮ್ಮ ಎದುರು ಮನೆಯದೇ. ತೀರಿಹೋಗಿ ಮೂರು ದಿನವಾಗಿದೆ.

ರೊಟ್ಟಿ ಬಡಿದಿಟ್ಟಿದ್ದೇನೆ. ಬಾಗಿಲು ತಟ್ಟಿ ನಾನು ಯಾರೆಂದು ಹೇಳಲಿ?