ಇಲಿ ಮುಟ್ಟಿದ ಕೈ

ನಾನು ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಇಲಿ ಸಾಕುವ ಕೋಣೆಯ ಕೆಲಸದವಳು. ಚಾಂಪಿಯನ್ ರೀಫ್ಸ್‌ನ ಮನೆಯಿಂದ ಬೆಳಗಿನ ರೈಲಿಗೆ ಹೋಗಿ ಸಂಜೆ ಬರುತ್ತೇನೆ. ಅಲ್ಲಿ ಕೆಲವು ಇಲಿಗಳ ಬೆನ್ನುಮೂಳೆಯ ಒಳದಾರಿಯನ್ನು ಬೇಕೆಂದೇ ಕಿರಿದು ಮಾಡಿರುತ್ತಾರೆ. ನರ ಒತ್ತಿಹೋಗಿ ಅವಕ್ಕೆ ಉಚ್ಚೆ ತಾನಾಗಿ ಬರುವುದಿಲ್ಲ; ಮೂತ್ರದ ಚೀಲ ತುಂಬಿ ಹೊಟ್ಟೆ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಹಿಡಿದು, ಕೆಳಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಖಾಲಿ ಮಾಡಿಸುವುದು ನನ್ನ ಕೆಲಸ. ಮೊದಮೊದಲು ಬೆದರುತ್ತವೆ. ಆಮೇಲೆ ನನ್ನ ಅಂಗೈಯಲ್ಲೇ ಸಡಿಲವಾಗಿ ಮಲಗುತ್ತವೆ.

ನನ್ನ ಗಂಡನಿಗೂ ಅದೇ ಕಾಯಿಲೆ ಬಂತು. ಬಂಗಾರಪೇಟೆಯ ಮಂಡಿಗಳಲ್ಲಿ ಮೂಟೆ ಹೊತ್ತ ಬೆನ್ನು. ಕಾಲು ಜೋಮು ಹಿಡಿಯಿತು, ಉಚ್ಚೆ ಕಟ್ಟಿತು. ಎಲ್ಲರೂ ಉಷ್ಣ ಅಂದರು. ಬಾರ್ಲಿ ನೀರು, ಎಳನೀರು ಎಂದು ಖಾಲಿಯಾಗದ ಚೀಲಕ್ಕೆ ಇನ್ನಷ್ಟು ತುಂಬಿದೆವು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಸಣ್ಣ ನಳಿಕೆ ಹಾಕಿ ಉಚ್ಚೆ ತೆಗೆಯುವುದನ್ನು ಅಲ್ಲಿನ ನರ್ಸಮ್ಮ ಹೇಳಿಕೊಟ್ಟರು. ಮನೆಗೆ ಬಂದು ನಾನು ಕೈ ತೊಳೆದು ಕೂತರೆ ನನ್ನ ಗಂಡ ಆ ಮಗ್ಗುಲಿಗೆ ತಿರುಗಿಬಿಟ್ಟರು.

"ಇಲಿ ಮುಟ್ಟಿದ ಕೈ ಅದು. ನಾನೇನ್ ನಿನ್ ಬೋನಿನಾಗಿನ ಇಲೀನಾ? ಅಕ್ಕಂಗೆ ಫೋನ್ ಮಾಡು."

ಬೂದಿಕೋಟೆಯಿಂದ ಅವರ ಅಕ್ಕ ಬಸ್ಸು ಹತ್ತಿ ಬಂದರು. ಹಸುಗಳನ್ನು ಸೊಸೆಗೆ ಒಪ್ಪಿಸಿ ನಮ್ಮಲ್ಲೇ ಉಳಿದರು. ಹೊತ್ತುಹೊತ್ತಿಗೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾನು ಒಲೆಯ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ.

"ಮೆಲ್ಲಕ್ಕಾ, ನೋಯ್ತೈತೆ."

"ಸುಮ್ಕಿರ್ಲಾ. ನಮ್ಮನೆ ಒದೆಯೋ ಹಸೂನೇ ನಿನಗಿಂತ ವಾಸಿ."

ಇಬ್ಬರೂ ನಗುತ್ತಿದ್ದರು. ಆಮೇಲೆ ಬೇಸಿನ್ನಿಗೆ ಬೀಳುವ ಸದ್ದು. ಆ ಸದ್ದು ನನ್ನ ಕೈಯಿಂದ ಆಗಬೇಕಿತ್ತು ಅನ್ನಿಸಿ ಹೊಟ್ಟೆ ಉರಿಯುತ್ತಿತ್ತು. ಮರುದಿನ ಕೆಲಸದಲ್ಲಿ ಇಲಿಯೊಂದು ಕಣ್ಣು ಮುಚ್ಚಿ ನನ್ನ ಬೆರಳಿಗೆ ಒರಗಿದರೆ, ಅದನ್ನು ನೋಡುವುದಕ್ಕೂ ಆಗುತ್ತಿರಲಿಲ್ಲ. ಕೈ ಮಾತ್ರ ಎಂದಿನಂತೆ ಮೆಲ್ಲಗೇ ಒತ್ತುತ್ತಿತ್ತು.

ಸೋಂಕು ಕಿಡ್ನಿಗೇರಿ ಜ್ವರ ಇಳಿಯಲೇ ಇಲ್ಲ. ಅವರು ಹೋದರು. ತಿಥಿಯ ದಿನ ಬಂದವರೆಲ್ಲ ಅಕ್ಕನ ಕೈ ಹಿಡಿದು, "ಹೆತ್ತ ತಾಯಂಗೆ ನೋಡ್ಕೊಂಡೆ ಕಣಮ್ಮ" ಎಂದರು. ನಾನು ಅವರ ಎಲೆಗಳಿಗೆ ಅನ್ನ ಬಡಿಸಿದೆ.

ನೆಂಟರೆಲ್ಲ ಹೊರಟ ಮೇಲೆ ಅಕ್ಕ ಪಾತ್ರೆ ತೊಳೆಯುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ.

"ನನ್ ಕೈ ಯಾಕ್ ಬ್ಯಾಡ ಅಂದ್ರಕ್ಕ?"

"ಇಲಿ ಗಿಲಿ ಎಲ್ಲಾ ನೆಪ ಕಣಮ್ಮ. ಅವಳ ಕೈಯಾಗೆ ಕೂಸು ಆಗಾಕೆ ನಂಗಾಗಲ್ಲಕ್ಕ, ಅವಳ ಮುಂದೆ ಗಂಡಸಾಗೇ ಇರ್ಬೇಕು ಅಂತಿದ್ದ."

ಸಮಾಧಾನಕ್ಕೆಂದೇ ಹೇಳಿದ್ದು. ನನಗೆ ಅಳು ಬರಲಿಲ್ಲ. ನನ್ನ ಬಗ್ಗೆ ಆಡಿದ ಈ ಮಾತೂ ಆ ಮುಚ್ಚಿದ ಬಾಗಿಲ ಹಿಂದೆ ಅಕ್ಕನ ಪಾಲಿಗೇ ಹೋಗಿತ್ತಲ್ಲ ಅನ್ನಿಸಿತು. ಅಕ್ಕ ಸಂಜೆ ಬಸ್ಸಿಗೆ ಹೊರಡುವವರು. ಹೊರಟರೆ ಆ ಮಾತುಗಳೂ ಅವರ ಜೊತೆಗೇ ಬೂದಿಕೋಟೆಗೆ ಹೋಗುತ್ತವೆ.

"ಇವತ್ತೊಂದಿನ ಇರಕ್ಕ" ಎಂದೆ. "ಇನ್ನೇನೇನ್ ಅಂತಿದ್ರು, ಯೋಳು."