ಎರಡು ಉಸಿರಿನ ಕೂ

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಬರುವ ಕೆಲವು ವಿವರಗಳು ತಪ್ಪಿರಬಹುದು. ಆ ಬೆಳಿಗ್ಗೆ ಕಣಿವೆಯಲ್ಲಿ ಮಂಜಿತ್ತು ಎಂದು ನನ್ನ ನೆನಪು, ಆದರೆ ಅದು ಬೇರೆ ಯಾವುದೋ ಬೆಳಗಿನ ಮಂಜು ಬಂದು ಇಲ್ಲಿ ಸೇರಿಕೊಂಡಿದ್ದರೂ ಇರಬಹುದು. ಸಲೀಂ ಭಾಯ್ ಹಸಿರು ಜಾಕೆಟ್ಟು ಹಾಕಿದ್ದರು ಎನ್ನುತ್ತೇನೆ ನಾನು. ಕಂದು ಬಣ್ಣದ್ದು ಎನ್ನುತ್ತಾರೆ ಅವರು. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ, ಆದರೆ ಆ ದಿನದ ಬಗ್ಗೆ ಬರೆಯಲು ಕೂತದ್ದು ಎಷ್ಟೋ ದಿನ ಕಳೆದ ಮೇಲೆ. ಅಷ್ಟರಲ್ಲಿ ಮನಸ್ಸು ಎಷ್ಟು ತಿದ್ದಿತ್ತೋ ಗೊತ್ತಿಲ್ಲ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವಳು ನಾನು. ನೆನಪು ಹೇಗೆ ಮೋಸ ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಂಕ ತೆಗೆದುಕೊಂಡಿದ್ದೇನೆ. ಯಾರಾದರೂ ಸತ್ತವರ ದನಿ ಕೇಳಿಸಿತು ಎಂದರೆ, ನಿದ್ದೆ ಸರಿಯಾಗಿ ಆಗಿತ್ತಾ ಎಂದು ಕೇಳುವ ಜಾತಿ ನನ್ನದು. ಈಗಲೂ ನಾನು ಅವಳೇ. ಆದರೂ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಣ್ಣ ನಂಜೇಶ ಮಂಡ್ಯದ ಕಡೆಯವನಿಗೆ ತಕ್ಕ ಹಾಗೆ ಮಾಂಸ, ಹರಟೆ ಎರಡನ್ನೂ ಬಿಟ್ಟಿರಲಾರದವನು. ಅಮೆರಿಕದ ಸ್ಯಾನ್ ರಮೋನಿನಲ್ಲಿ ಮನೆ, ಅಲ್ಲೇ ಹತ್ತಿರ ಆಫೀಸು. ವಾರಪೂರ್ತಿ ಮೀಟಿಂಗು. ವಸಂತ ಬಂತೆಂದರೆ ಮಾತ್ರ ಅವನು ಬೇರೆ ಮನುಷ್ಯ. ಲಿವರ್‌ಮೋರಿನ ಆಚೆ ಗುಡ್ಡಗಳ ನಡುವೆ ಡೇಲ್ ಎಂಬ ಮುದುಕರ ದನದ ಹುಲ್ಲುಗಾವಲಿದೆ. ಅಣ್ಣ ಮತ್ತು ಅವನ ಗೆಳೆಯ, ಮೈಸೂರಿನ ಸಲೀಂ ಭಾಯ್, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅಲ್ಲಿಗೆ ಕಾಡು ಟರ್ಕಿ ಕೋಳಿಯ ಬೇಟೆಗೆ ಹೋಗುತ್ತಿದ್ದರು. ಡೇಲ್ ಅವರದೂ ಲೈಸೆನ್ಸು, ಇವರದೂ ಲೈಸೆನ್ಸು, ಎಲ್ಲ ಕ್ರಮವಾಗಿ.

ಇಲ್ಲಿ ನಾವಿರುವ ಊರುಗಳಲ್ಲಿ ಈ ಹಕ್ಕಿಗಳು ರಸ್ತೆಯಲ್ಲೇ ಓಡಾಡುತ್ತವೆ. ಅಣ್ಣನ ಮನೆ ಎದುರಿನ ಹುಲ್ಲಿನ ಮೇಲೆ ಹಿಂಡು ಹಿಂಡಾಗಿ ಮೇಯುತ್ತವೆ, ಕಾರು ಹಾರನ್ ಹೊಡೆದರೂ ಜಗ್ಗುವುದಿಲ್ಲ. ಬಾಗಿಲಲ್ಲೇ ಇರುವುದನ್ನು ಬಿಟ್ಟು ಅಷ್ಟು ದೂರ ಯಾಕೆ ಹೋಗುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. ಸಲೀಂ ಭಾಯ್ ಗಂಭೀರವಾಗಿ ಹೇಳಿದ್ದರು: "ಇವೆಲ್ಲ ಸಿಟಿಜನ್ನು ತಂಗಿ, ಮುಟ್ಟೋ ಹಾಗಿಲ್ಲ. ಗುಡ್ಡದಲ್ಲಿ ಇರೋವು ಇನ್ನೂ ವೀಸಾ ಮೇಲೆ ಇವೆ."

ಈ ಬೇಟೆಯಲ್ಲಿ ಓಡುವುದಿಲ್ಲ, ಅಟ್ಟಿಸಿಕೊಂಡು ಹೋಗುವುದಿಲ್ಲ. ಬೆಳಕು ಹರಿಯುವ ಮುಂಚೆ ದಪ್ಪ ಮರವೊಂದಕ್ಕೆ ಬೆನ್ನು ಕೊಟ್ಟು ಕೂರಬೇಕು. ಅಂಗೈಯಗಲದ ಮರದ ಡಬ್ಬಿಯ ಮುಚ್ಚಳವನ್ನು ಅದರ ಅಂಚಿಗೆ ಉಜ್ಜಿದರೆ ಹೆಣ್ಣು ಹಕ್ಕಿಯ ದನಿ ಬರುತ್ತದೆ. ಗಂಡು ಅದನ್ನು ನಂಬಿ ಬರಬೇಕು. ಅದಕ್ಕೂ ಮೊದಲು ಗಂಡುಗಳು ಯಾವ ಮರದ ಮೇಲೆ ರಾತ್ರಿ ಕಳೆದಿವೆ ಎಂದು ತಿಳಿಯಬೇಕಲ್ಲ, ಅದಕ್ಕೆ ಇಲ್ಲಿನವರು ಗೂಬೆಯ ಹಾಗೆ ಕೂಗುತ್ತಾರೆ. ಥಟ್ಟನೆ ಜೋರು ಸದ್ದಾದರೆ ಗಂಡು ಟರ್ಕಿ ಸುಮ್ಮನಿರಲಾರದು, ಗಂಟಲಲ್ಲಿ ನೀರು ಕುದ್ದ ಹಾಗೆ ಗಳಗಳನೆ ಉತ್ತರ ಕೊಟ್ಟುಬಿಡುತ್ತದೆ.

ಅಣ್ಣ ಗೂಬೆಯಂತೆ ಕೂಗುತ್ತಿರಲಿಲ್ಲ. ಅವನು ಕೂ ಹಾಕುತ್ತಿದ್ದ. ನಮ್ಮೂರ ಗದ್ದೆ ಬಯಲಲ್ಲಿ ಈ ಬದುವಿನಿಂದ ಆ ಬದುವಿನವರನ್ನು ಕರೆಯಲು ಅಪ್ಪ ಹಾಕುತ್ತಿದ್ದ ಕೂ ಅದು. ತಗ್ಗಿನಲ್ಲಿ ಶುರುವಾಗಿ, ಮೇಲೇರಿ, ಒಂದೇ ಉಸಿರಿನಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಸರಕ್ಕನೆ ಕೆಳಗಿಳಿಯುವ ಕೂ. ಮೊದಲ ವರ್ಷ ಡೇಲ್ ಎಷ್ಟು ಗೂಬೆ ಕೂಗಿದರೂ ಒಂದು ಹಕ್ಕಿಯೂ ಮಾತಾಡಲಿಲ್ಲವಂತೆ. ಬೇಸತ್ತ ಅಣ್ಣ, ತಿಂಡಿಗೆ ಬಾ ಎಂದು ಗುಡ್ಡದ ಆಚೆ ಇದ್ದ ಸಲೀಂ ಭಾಯ್‌ಗೆ ಒಂದು ಕೂ ಹಾಕಿದನಂತೆ. ಸುತ್ತಲಿನ ಮರಗಳೆಲ್ಲ ಒಟ್ಟಿಗೆ ಗಳಗಳ ಎಂದವಂತೆ. "ಮಂಡ್ಯದ ಕೂಗಿಗೆ ಅಮೆರಿಕದ ಕೋಳಿ ಓಗೊಡ್ತದೆ ಕಣಮ್ಮಿ" ಎಂದು ಅಣ್ಣ ಈ ಕತೆಯನ್ನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ.

ಕತೆ ಹೇಳುವುದಕ್ಕೂ ಅವರಲ್ಲಿ ಒಂದು ಪದ್ಧತಿಯಿತ್ತು, ಅಣ್ಣನೇ ಮಾಡಿದ್ದು. ಬೇಟೆ ಮುಗಿದ ಮೇಲೆ ಡೇಲ್ ಅವರ ಪಿಕಪ್ ಟ್ರಕ್ಕಿನ ಹಿಂಬಾಗಿಲು ಇಳಿಸಿ, ಅದರ ಮೇಲೆ ಕಾಫಿ ಫ್ಲಾಸ್ಕು, ಅತ್ತಿಗೆ ಕಳಿಸಿದ ಕೋಡುಬಳೆ ಇಟ್ಟುಕೊಂಡು ಎಲ್ಲರೂ ಆ ಬೆಳಗಿನ ಕತೆ ಹೇಳಬೇಕು. ಆದರೆ ಹೊಡೆದ ಹಕ್ಕಿಯ ಕತೆ ಹೇಳುವಂತಿಲ್ಲ. ತಪ್ಪಿಸಿಕೊಂಡು ಹೋದದ್ದರ ಕತೆ ಮಾತ್ರ.

ಅಣ್ಣ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ನಾನು ಬಂದೂಕು ಮುಟ್ಟುವವಳಲ್ಲ, ಬರೀ ಪಕ್ಕದಲ್ಲಿ ಕೂತಿದ್ದೆ. ಕತ್ತಲಲ್ಲಿ ನಡೆಯುತ್ತಾ ಅವನು ಹೇಳಿದ್ದು ಒಂದೇ ಬುದ್ಧಿಮಾತು. "ಹಕ್ಕಿ ದನಿ ಕೇಳ್ತು ಅಂತ ಎದ್ದು ಹೋಗ್ಬೇಡ. ಅದು ಹಕ್ಕಿನೇ ಅಂತ ಏನ್ ಗ್ಯಾರಂಟಿ? ನನ್ನಂಗೆ ಇನ್ನೊಬ್ಬ ಡಬ್ಬಿ ಉಜ್ಕೊಂಡು ಕೂತಿರ್ತಾನೆ, ನೀನು ಹಕ್ಕಿ ಅಂದ್ಕಂಡು ಗುಂಡು ಹೊಡ್ದುಬುಡ್ತಾನೆ. ಬರೋದಿದ್ರೆ ಅದೇ ಬತ್ತದೆ. ನೀನು ಕೂತಿರು."

ಅದಾದ ಮೇಲೆ ಕಾಯಿಲೆ ಹಿಡಿದು ಅವನ ಶ್ವಾಸಕೋಶ ಗಟ್ಟಿಯಾಗುತ್ತಾ ಬಂತು. ಗುಡ್ಡ ಹತ್ತುವುದು ನಿಂತಿತು, ಆಮೇಲೆ ಮೆಟ್ಟಿಲು, ಆಮೇಲೆ ಮಾತು. ನಾನಿರುವ ಬೆರ್ರಿಯೆಸಾದಿಂದ ಭಾನುವಾರಗಳಲ್ಲಿ ಹೋಗಿ ಬರುತ್ತಿದ್ದೆ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು, ಹಾಲಿನ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದ. ಒಂದು ವಾಕ್ಯಕ್ಕೆ ಮೂರು ಸಲ ನಿಲ್ಲಬೇಕು. ನಾನು ಹೋದರೆ ಮಾತಾಡಿ ಸುಸ್ತಾಗುತ್ತಾನೆಂದು ನಾನೇ ಮಾತಾಡುತ್ತಿದ್ದೆ. ಇಲ್ಲಿನ ಚಳಿಗಾಲದ ಮಳೆಯ ಕೊನೆಗೆ, ಗುಡ್ಡಗಳು ಹಸಿರಾಗುವ ಹೊತ್ತಿಗೆ ಹೋಗಿಬಿಟ್ಟ.

ಅವನು ಹೋದ ಕೆಲವು ವಾರಕ್ಕೆ ನನಗೆ ಒಂದು ಭಯ ಹತ್ತಿಕೊಂಡಿತು. ಅವನ ದನಿ ನೆನಪಾಗುತ್ತಿರಲಿಲ್ಲ. ಮುಖಕ್ಕೆ ಬೇಕಾದಷ್ಟು ಫೋಟೋ ಇದ್ದವು. ದನಿಗೆ ಇದ್ದದ್ದು ಹುಟ್ಟುಹಬ್ಬದ ವಿಡಿಯೋಗಳು ಮಾತ್ರ, ಅದರಲ್ಲೆಲ್ಲ "ಇತ್ಲಾಗ್ ನೋಡಿ, ಇತ್ಲಾಗ್ ನೋಡಿ" ಎಂಬ ಕ್ಯಾಮೆರಾ ಹಿಂದಿನ ದನಿ. ನನ್ನ ಹೆಸರು ಹಿಡಿದು ಕರೆಯುತ್ತಿದ್ದದ್ದು, ಕೂ ಹಾಕುತ್ತಿದ್ದದ್ದು, ಅದೆಲ್ಲ ಹೇಗಿತ್ತೆಂದು ಕಣ್ಣು ಮುಚ್ಚಿ ಕೂತರೂ ಬರಲಿಲ್ಲ. ಫ್ರೀವೇಯಲ್ಲಿ ಒಬ್ಬಳೇ ಕಾರು ಓಡಿಸುವಾಗ ಗಾಜು ಏರಿಸಿಕೊಂಡು ನಾನೇ ಆ ಕೂ ಹಾಕಿ ನೋಡಿದ್ದೇನೆ. ಅದು ಅವನದಾಗಲಿಲ್ಲ.

ಆ ಏಪ್ರಿಲ್‌ನಲ್ಲಿ ಸಲೀಂ ಭಾಯ್ ಫೋನ್ ಮಾಡಿದರು. ಅಣ್ಣನನ್ನು ಅವರು ಗೌಡ ಎಂದೇ ಕರೆಯುತ್ತಿದ್ದದ್ದು. "ಗೌಡನ ಮರ ಖಾಲಿ ಇರೋದು ನನಗೆ ನೋಡಕ್ಕಾಗಲ್ಲ ತಂಗಿ. ನೀವು ಬಂದು ಕೂತ್ಕೊಳ್ಳಿ. ಏನೂ ಮಾಡ್ಬೇಡಿ, ಸುಮ್ನೆ ಕೂತ್ಕೊಳ್ಳಿ." ಅತ್ತಿಗೆಗೆ ಹೇಳಿದೆ. ಅವರು ಹೋಗು ಎನ್ನಲಿಲ್ಲ, ಬೇಡವೂ ಎನ್ನಲಿಲ್ಲ. ಹಿಂದಿನ ಸಂಜೆ ಹೋದಾಗ ಕೋಡುಬಳೆ ಡಬ್ಬಿ ಕಟ್ಟಿಟ್ಟಿದ್ದರು.

ಕತ್ತಲು ಇನ್ನೂ ಇರುವಾಗ ಗೇಟು ದಾಟಿ ಒಳಗೆ ಹೋದೆವು. ಡೇಲ್ ಗೇಟಿಗೆ ಬೀಗ ಹಾಕಿ, ಆಚೆ ದಿನ್ನೆಯ ಹಿಂದೆ ತಮ್ಮ ಜಾಗಕ್ಕೆ ಹೋದರು. ಸಲೀಂ ಭಾಯ್ ನನ್ನನ್ನು ಅಣ್ಣನ ಓಕ್ ಮರದ ಬುಡದಲ್ಲಿ ಕೂರಿಸಿ, ಅಣ್ಣನ ಹಳೆಯ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟು, ತಾವು ಕೆಳಗಿನ ಇನ್ನೊಂದು ಮರಕ್ಕೆ ಹೋದರು. ಕೂಗಿದರೆ ಕೇಳಿಸುವಷ್ಟು ದೂರ, ಆದರೆ ಕಾಣುವುದಿಲ್ಲ. ಕೂತ ಮೇಲೆ ಯಾರೂ ಯಾರನ್ನೂ ಕರೆಯುವಂತಿಲ್ಲ.

ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಹುಲ್ಲಿನ ತೇವ ಪ್ಯಾಂಟಿಗೆ ಹತ್ತಿತ್ತು. ನನಗೆ ನಿದ್ದೆ ಬಂದಿರಲಿಲ್ಲ ಎಂದು ನಾನು ಹೇಳಬಲ್ಲೆ, ಆದರೆ ನಿದ್ದೆ ಬಂದವರೂ ಹಾಗೆಯೇ ಹೇಳುತ್ತಾರೆ.

ಆಗ ನನ್ನ ಹಿಂದೆ, ಗುಡ್ಡದ ಮೇಲುಗಡೆಯಿಂದ, ಕೂ ಬಂತು.

ತಗ್ಗಿನಲ್ಲಿ ಶುರುವಾಗಿ ಮೇಲೇರಿತು. ಏರುತ್ತಿದ್ದ ಹಾಗೆಯೇ ಮಧ್ಯದಲ್ಲಿ ನಿಂತುಹೋಯಿತು. ಆ ಸಂದಿಯಲ್ಲಿ ಎರಡು ಸಣ್ಣ ಸದ್ದು, ಗಟ್ಟಿಯಾದ ಏನನ್ನೋ ಗೆಣ್ಣಿನಿಂದ ತಟ್ಟಿದ ಹಾಗೆ. ಆಮೇಲೆ ಕೂ ನಿಂತಲ್ಲಿಂದಲೇ ಮತ್ತೆ ಎದ್ದು, ಕೊನೆಗೆ ಸರಕ್ಕನೆ ಇಳಿಯಿತು. ಕಣಿವೆಯ ಮರಗಳಿಂದ ಗಂಡು ಟರ್ಕಿಗಳು ಒಂದರ ಮೇಲೊಂದು ಗಳಗಳ ಎಂದವು.

ಸಲೀಂ ಭಾಯ್ ಗೆಳೆಯನ ನೆನಪಿಗೆ ಕೂ ಹಾಕಿದರು ಎಂದುಕೊಂಡೆ ನಾನು. ಅವರು ಇದ್ದದ್ದು ಕೆಳಗೆ, ಕೂ ಬಂದದ್ದು ಮೇಲಿಂದ ಎಂದು ಹೊಳೆದದ್ದು ಆಮೇಲೆ. ಮೈಯೆಲ್ಲ ಎದ್ದು ಹೋಗು ಎನ್ನುತ್ತಿತ್ತು. ತಿರುಗಿ ನೋಡಲಿಲ್ಲ, ಏಳಲಿಲ್ಲ. ಎದ್ದು ಹೋಗಬೇಡ ಎಂದು ಹೇಳಿದವನು ಅವನೇ. ಬರೋದಿದ್ರೆ ಅದೇ ಬತ್ತದೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಕಾದೆ. ಬಿಸಿಲು ಹುಲ್ಲಿನ ತುದಿಗೆ ಬಂತು. ದೊಡ್ಡ ಗಂಡು ಹಕ್ಕಿಯೊಂದು ಬಾಲ ಬಿಚ್ಚಿಕೊಂಡು ನನ್ನೆದುರಿಗೇ ಬಂದು, ನನ್ನ ಕಡೆಗಲ್ಲ, ನನ್ನ ಹಿಂದಿನ ಗುಡ್ಡದ ಕಡೆ ಕತ್ತೆತ್ತಿ ನೋಡಿತು. ಸ್ವಲ್ಪ ಹೊತ್ತು ಹಾಗೇ ನಿಂತು, ಇಳಿದು ಹೋಯಿತು. ಗುಂಡಿನ ಸದ್ದು ಕೇಳಲಿಲ್ಲ.

ಟ್ರಕ್ಕಿನ ಹತ್ತಿರ ಎಲ್ಲರೂ ಸೇರಿದೆವು. ಡೇಲ್ ಕೋಡುಬಳೆಯನ್ನು ಎಂದಿನಂತೆ ಖಾರದ ಡೋನಟ್ ಎಂದು ಕರೆದು, ಒಂದನ್ನು ಯಾರೂ ತೆಗೆದುಕೊಳ್ಳದ ಹಾಗೆ ಪಕ್ಕದಲ್ಲಿಟ್ಟರು. ಅದು ಅಣ್ಣನಿಗೆ. ಸಲೀಂ ಭಾಯ್ ಕತೆ ಶುರು ಮಾಡಿದರು. ಡೇಲ್‌ಗಾಗಿ ಇಂಗ್ಲಿಷಿನಲ್ಲಿ, ನಡುನಡುವೆ ನನಗಾಗಿ ಕನ್ನಡದಲ್ಲಿ.

"ಹಕ್ಕಿ ಕರೆಕ್ಟಾಗಿ ಗುರಿಗೆ ಬಂದಿತ್ತು. ಬಿಸ್ಮಿಲ್ಲಾ ಅನ್ನೋಕೆ ಬಾಯಿ ತೆರೆದೆ, ದನಿನೇ ಬರ್ಲಿಲ್ಲ. ಹೇಳದೆ ನಾನು ಹೊಡೆಯಲ್ಲ. ಅದು ಹೋಗೇ ಬಿಡ್ತು. ಎಲ್ಲ ನಿಮ್ಮಿಂದಾನೇ ತಂಗಿ. ನಿಮ್ಮ ಆ ಕೂ ಕೇಳಿದ ಮೇಲೆ ಇನ್ನೇನು."

"ನನ್ನಿಂದಾನಾ?"

"ಮತ್ತೆ? ಥೇಟ್ ಗೌಡನೇ. ಮಧ್ಯೆ ಉಸಿರು ಸಾಲ್ಲಿಲ್ಲ ನಿಮಗೆ, ಅದೊಂದು ಬಿಟ್ಟರೆ. ಡಬ್ಬಿ ಬೇರೆ ಟಕ್ ಟಕ್ ಅಂತ ತಟ್ಟಿದ್ರಲ್ಲ, ಅದು ಯಾಕೆ?"

ನಾನಲ್ಲ ಎಂದೆ. ಅವರು ನಕ್ಕರು. ನೀವಲ್ಲವಾ ಎಂದು ನಾನು ಕೇಳಿದೆ. ಅವರ ನಗು ನಿಂತಿತು. ಇಬ್ಬರೂ ಡೇಲ್ ಕಡೆ ನೋಡಿದೆವು. ದಿನ್ನೆಯ ಹಿಂದಿದ್ದ ಅವರಿಗೆ ಕೇಳಿಸಿದ್ದು ಹಕ್ಕಿಗಳ ಗಲಾಟೆ ಮಾತ್ರ. ಅಷ್ಟು ಒಟ್ಟಿಗೆ ಅವು ಕೂಗಿ ಬಹಳ ದಿನವಾಗಿತ್ತು ಎಂದರು. ಕಣಿವೆಯಲ್ಲಿ ಸದ್ದು ಎಲ್ಲಿಂದ ಎಲ್ಲಿಗೋ ತಿರುಗುತ್ತದೆ, ಕಾಯೋಟಿ ನರಿ ಇದ್ದೀತು ಎಂದರು. ಆಮೇಲೆ ತಾವೇ ಗುಡ್ಡ ಹತ್ತಿ ನೋಡಿ ಬಂದರು. ಏನೂ ಇರಲಿಲ್ಲ.

ನಾನೇ ಕೂ ಹಾಕಿ ಮರೆತಿರಬಹುದೇ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ದುಃಖದಲ್ಲಿರುವವರು ಇನ್ನೂ ದೊಡ್ಡದನ್ನು ಮಾಡಿ ಮರೆತದ್ದಿದೆ. ಹಾಗಿದ್ದರೂ ಇರಲಿ. ಆದರೆ ನನಗೆ ಗೊತ್ತಿದ್ದ ಅಣ್ಣನ ಕೂ ಒಂದೇ ಉಸಿರಿನದು. ಹಾಕಿದ್ದರೆ ನಾನು ಅದನ್ನೇ ಹಾಕುತ್ತಿದ್ದೆ. ಕಾಯಿಲೆಯವನ ಕೂ ಹೇಗಿದ್ದೀತು ಎಂದು ಮನಸ್ಸು ತಾನೇ ಕಟ್ಟಿಕೊಂಡಿತೆನ್ನೋಣ. ಆ ಎರಡು ಏಟಿನ ಸದ್ದನ್ನು ಎಲ್ಲಿಂದ ತಂದಿತು?

ಆ ಮಧ್ಯಾಹ್ನ ಕೋಡುಬಳೆಯ ಖಾಲಿ ಡಬ್ಬಿ ಕೊಡಲು ಅತ್ತಿಗೆಯ ಮನೆಗೆ ಹೋದೆ. ಅವರು ಹಾಲಿನಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದರು. ಅಣ್ಣನ ಕುರ್ಚಿ ಇನ್ನೂ ಕಿಟಕಿಯ ಪಕ್ಕದಲ್ಲೇ ಇತ್ತು. ಹೊರಗೆ ಎದುರು ಮನೆಯ ಹುಲ್ಲಿನ ಮೇಲೆ ಟರ್ಕಿಗಳು ಮೇಯುತ್ತಿದ್ದವು. ನಾನು ಹೋಗಿ ಆ ಕುರ್ಚಿಯಲ್ಲಿ ಕೂತೆ. ಕೂತರೆ ಕಿಟಕಿಯ ಗಾಜು ಕೈಗೆ ಎಟಕುತ್ತದೆ ಎಂದು ಅದುವರೆಗೆ ನಾನು ಗಮನಿಸಿರಲಿಲ್ಲ. ಯಾಕೆ ಮಾಡಿದೆನೋ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದೆ. ಅದೇ ಸದ್ದು. ಹಕ್ಕಿಗಳು ಕತ್ತೆತ್ತಿ ನಮ್ಮ ಕಡೆ ನೋಡಿದವು.

ಹಿಂದೆ ಹುರುಳಿಕಾಯಿ ಮುರಿಯುವ ಸದ್ದು ನಿಂತಿತು. ತಿರುಗಿದೆ. ಅತ್ತಿಗೆಯ ಕೈ ಹಾಗೇ ಮೊರದ ಮೇಲೆ ನಿಂತಿತ್ತು. ಗುಡ್ಡದಲ್ಲಿ ನಡೆದದ್ದನ್ನು ನಾನಿನ್ನೂ ಹೇಳಿರಲಿಲ್ಲ. ಹೇಳದೆಯೇ ಕೇಳಿದೆ. ಅವರು ಮೊರ ಪಕ್ಕಕ್ಕಿಟ್ಟು, "ಊಟ ಮಾಡ್ಕೊಂಡು ಹೋಗು" ಎಂದು ಎದ್ದು ಅಡುಗೆಮನೆಗೆ ಹೋದರು. ಆಮೇಲೆ ವರ್ಷಗಳು ಕಳೆದಿವೆ. ಪ್ರತಿ ಏಪ್ರಿಲ್‌ನಲ್ಲಿ ಕೋಡುಬಳೆ ಕಟ್ಟಿಕೊಡುತ್ತಾರೆ. ಆ ಮಾತು ಮಾತ್ರ ಅವರಾಗಿ ಎತ್ತಿಲ್ಲ, ನಾನೂ ಮತ್ತೆ ಕೇಳಿಲ್ಲ. ಅವತ್ತು ನಾನು ಕೇಳಿದ್ದು ಇಷ್ಟೇ:

"ಅತ್ತಿಗೆ, ಕೊನೆಕೊನೆಗೆ ಅಣ್ಣ ಇಲ್ಲಿ ಕೂತು, ಮಧ್ಯೆ ಉಸಿರು ಸಾಲದಾಗ ಗಾಜು ತಟ್ಟಿ, ಇವಕ್ಕೆ ಕೂ ಹಾಕ್ತಿದ್ನಾ?"